ಕಂಪ್ಯೂಟರ್ ಆನ್ ಆಗ್ತಿಲ್ವಾ? ಮೊದಲು ಎಸ್‌ಎಂಪಿಎಸ್ ನೋಡಿ

ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾಯಿತೆಂದರೆ ನಮ್ಮ ಬೀದಿಯಲ್ಲಿ ಯಾರದಾದರೂ ಮನೆಯ ಕಂಪ್ಯೂಟರ್ ಕೆಟ್ಟು ಕೂರುತ್ತದೆ. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆ ಹುಡುಗಿಯದು ಹಾಗಾಯಿತು. ಅಂಗಡಿಯವರು ನೋಡಿದ ಕೂಡಲೇ ‘ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ’ ಅಂದರಂತೆ. ಅವಳಮ್ಮ ಬಂದು ‘ಒಂದ್ಸಲ ನೋಡ್ತೀರಾ ಅಣ್ಣ?’ ಎಂದರು. ಬಟನ್ ಒತ್ತಿದೆ. ಒಳಗಿನ ಫ್ಯಾನ್ ಕಾಲು ಸುತ್ತು ಅಲುಗಿ ನಿಂತಿತು. ಹಿಂಭಾಗಕ್ಕೆ ಮೂಗು ಹಿಡಿದರೆ ಸುಟ್ಟ ಪ್ಲಾಸ್ಟಿಕ್ಕಿನ ಕಮಟು ವಾಸನೆ. ಹೋಗಿದ್ದು ಎಸ್‌ಎಂಪಿಎಸ್ ಒಂದೇ. ಅದನ್ನು ಬದಲಿಸಿದ ಸಂಜೆಯೇ ಅವಳ ಪ್ರಾಜೆಕ್ಟ್ ಫೈಲುಗಳೆಲ್ಲ ಇದ್ದ ಹಾಗೇ ಸಿಕ್ಕವು.

ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬಿಯೇ ಎಸ್‌ಎಂಪಿಎಸ್. ವೋಲ್ಟೇಜ್ ಏರಿಳಿತದ ಏಟು ಮೊದಲು ಬೀಳುವುದು ಇದರ ಮೇಲೆ. ಹಾಗಾಗಿ ಕಂಪ್ಯೂಟರನ್ನೇ ಕೈಬಿಡುವ ಮೊದಲು ಇದನ್ನು ಪರೀಕ್ಷಿಸಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಹಾಗೇ ಉಳಿದಿರಬಹುದು. ಇಲ್ಲಿ ಹೇಳುವ ಕೆಲಸವೆಲ್ಲ ಡಬ್ಬಿಯ ಹೊರಗಿನದು.

ಮೊದಲು ಸುಲಭದ್ದು

ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ, ಕರೆಂಟ್ ಬರ್ತಿದೆಯಾ ನೋಡಿ. ಪವರ್ ಕೇಬಲ್ ಬದಲಿಸಿ. ಮಾನಿಟರಿನದೂ ಸಾಮಾನ್ಯವಾಗಿ ಅದೇ ಥರದ್ದು. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ಎಸ್‌ಎಂಪಿಎಸ್ ಹಿಂದಿನ ಪುಟ್ಟ ಸ್ವಿಚ್ ಆನ್ ಇದೆಯಾ ನೋಡಿ. ಗುಡಿಸುವಾಗ ಕೈ ತಾಗಿ ಅದು ಆಫ್ ಆಗುವುದುಂಟು. ಹಳೆಯವುಗಳಲ್ಲಿ 115/230 ಅಂತ ಕೆಂಪು ಸ್ವಿಚ್ ಇರುತ್ತದೆ. ನಮ್ಮಲ್ಲಿ ಅದು 230ರಲ್ಲೇ ಇರಬೇಕು. 115ಕ್ಕೆ ಸರಿಸಿ ಆನ್ ಮಾಡಿದರೆ ‘ಢಬ್’ ಅಂತ ಹೊಡೆದುಹೋಗುತ್ತದೆ.

ಜೆಮ್ ಕ್ಲಿಪ್ ಪರೀಕ್ಷೆ

ಸುಟ್ಟ ವಾಸನೆ ಬಂದಿದ್ದರೆ ಈ ಪರೀಕ್ಷೆಯೇ ಬೇಡ, ನೇರ ಬದಲಿಸಿ. ಇಲ್ಲದಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಮೊಬೈಲಿನಲ್ಲಿ ನಾಲ್ಕೈದು ಫೋಟೊ ತೆಗೆದಿಟ್ಟುಕೊಳ್ಳಿ. ನಂತರ ಎಸ್‌ಎಂಪಿಎಸ್‌ನಿಂದ ಬರುವ ಎಲ್ಲ ಕನೆಕ್ಟರುಗಳನ್ನು ಬಿಡಿಸಿ. ದೊಡ್ಡ 24 ಪಿನ್ನಿನದರ ಪಕ್ಕದಲ್ಲಿ ಒಂದು ಕೊಕ್ಕೆ ಇರುತ್ತದೆ. ಅದನ್ನು ಒತ್ತಿಕೊಂಡೇ ಎಳೆಯಬೇಕು. ಸುಮ್ನೆ ಜಗ್ಗಿದರೆ ಬೋರ್ಡ್ ಬಾಗುತ್ತದೆ.

ಆ 24 ಪಿನ್ನಿನಲ್ಲಿ ಹಸಿರು ವೈರ್ ಇರುವುದು ಒಂದೇ. ಪಕ್ಕದಲ್ಲಿ ಕಪ್ಪು ಇರುತ್ತದೆ. ಜೆಮ್ ಕ್ಲಿಪ್ಪನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ಒಂದು ತುದಿ ಹಸಿರಿಗೆ, ಇನ್ನೊಂದು ಕಪ್ಪಿಗೆ ಸಿಕ್ಕಿಸಿ ಒಣಗಿದ ಮರದ ಮೇಜಿನ ಮೇಲೆ ಇಡಿ. ಎಲ್ಲ ಸಿದ್ಧವಾದ ಮೇಲೆಯೇ ಪ್ಲಗ್ ಹಾಕಿ ಆನ್ ಮಾಡಿ. ಹಸಿರು ಕಪ್ಪಿಗೆ ತಾಗಿದರೆ ಎಸ್‌ಎಂಪಿಎಸ್‌ಗೆ ‘ಶುರು ಮಾಡು’ ಎಂದಂತೆ. ಎಲ್ಲ ವೈರುಗಳೂ ಕಪ್ಪಾಗಿದ್ದರೆ ದಯವಿಟ್ಟು ಊಹೆ ಮೇಲೆ ಸಿಕ್ಕಿಸಬೇಡಿ. ಅಂಗಡಿಗೆ ಒಯ್ದು ಟೆಸ್ಟರಿನಲ್ಲಿ ನೋಡಿಸಿ.

ಫ್ಯಾನ್ ತಿರುಗಿದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ಲೋಡ್ ಕಡಿಮೆ ಇದ್ದಾಗ ಫ್ಯಾನೇ ತಿರುಗದ ಮಾಡೆಲ್ಲುಗಳೂ ಇವೆ. ಅದಕ್ಕೇ ಮಲ್ಟಿಮೀಟರ್ ಇದ್ದರೆ ಡಿಸಿ ವೋಲ್ಟೇಜಿಗೆ ಇಟ್ಟು ಅಳೆಯಿರಿ. ಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿಗೆ. ಕೆಂಪು ಕಡ್ಡಿ ಹಳದಿ ವೈರಿಗಿಟ್ಟರೆ 11.4ರಿಂದ 12.6, ಕೆಂಪಿಗಿಟ್ಟರೆ 4.75ರಿಂದ 5.25, ಕಿತ್ತಳೆಗೆ ಇಟ್ಟರೆ 3.14ರಿಂದ 3.47 ಬರಬೇಕು. ಇವೆಲ್ಲ ಸರಿ ಇದ್ದೂ ಕೆಲಸದ ನಡುವೆ ಕಂಪ್ಯೂಟರ್ ರೀಸ್ಟಾರ್ಟ್ ಆಗ್ತಿದ್ದರೆ, ಲೋಡ್ ಬಿದ್ದಾಗ ಎಸ್‌ಎಂಪಿಎಸ್ ಸೋಲುತ್ತಿರಬಹುದು. ಸ್ನೇಹಿತರ ಬಳಿಯ ಒಳ್ಳೆಯ ಎಸ್‌ಎಂಪಿಎಸ್ ಹಾಕಿ ನೋಡುವುದೇ ಇದಕ್ಕೆ ದಾರಿ.

ಕೊಳ್ಳುವಾಗ ಆಂಪ್ಸ್ ನೋಡಿ

ಡಬ್ಬಿಯ ಮೇಲಿನ ದೊಡ್ಡ ಅಕ್ಷರದ ‘450 ವ್ಯಾಟ್’ ನಂಬಬೇಡಿ. ಲೇಬಲ್ಲಿನಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪ್ಸ್ ಇದೆ ಓದಿ. ಅದನ್ನು 12ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 16 ಆಂಪ್ಸ್ ಅಂದರೆ 192 ವ್ಯಾಟ್ ಅಷ್ಟೇ. 36 ಆಂಪ್ಸ್ ಇದ್ದರೆ 432. ಇಂದಿನ ಕಂಪ್ಯೂಟರುಗಳಲ್ಲಿ ಜಾಸ್ತಿ ಕೆಲಸ ನಡೆಯುವುದು 12 ವೋಲ್ಟಿನಲ್ಲೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆ ಕಂಪ್ಯೂಟರಿಗೆ ನಿಜವಾದ 450 ವ್ಯಾಟ್ ಧಾರಾಳ ಸಾಕು. ಎಟಿಎಕ್ಸ್ ಅಂದರೆ ಸಾಮಾನ್ಯ ಡೆಸ್ಕ್‌ಟಾಪ್ ಕ್ಯಾಬಿನೆಟ್ಟುಗಳ ಸ್ಟ್ಯಾಂಡರ್ಡ್ ಅಳತೆ. ಆ ಅಳತೆಯದು ಯಾವ ಕಂಪನಿಯದಾದರೂ ಕೂರುತ್ತದೆ. ಆದರೆ ಬ್ರ್ಯಾಂಡೆಡ್ ಆಫೀಸ್ ಕಂಪ್ಯೂಟರುಗಳಲ್ಲಿ ಹಲವಕ್ಕೆ ಆಕಾರವೂ ಪಿನ್ನೂ ಬೇರೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಕೂರಿಸುವುದು ಕಷ್ಟವಲ್ಲ. ಹಿಂದೆ ನಾಲ್ಕು ಸ್ಕ್ರೂ, ಮತ್ತೆ ಫೋಟೊ ನೋಡಿಕೊಂಡು ಕನೆಕ್ಟರ್. ಪ್ರೊಸೆಸರ್ ಹತ್ತಿರ ಹೋಗುವ 4 ಅಥವಾ 8 ಪಿನ್ನಿನದನ್ನು ಬಹಳ ಜನ ಮರೆಯುತ್ತಾರೆ. ಆಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಬಿಚ್ಚಿ ಹಾಕುವ ಕೇಬಲ್ಲಿನ ಮಾಡೆಲ್ ಆದರೆ ಹಳೆಯ ಕೇಬಲ್ ಉಳಿಸಿಕೊಳ್ಳಬೇಡಿ. ಡಬ್ಬಿಯ ಕಡೆಯ ಪಿನ್ ಜೋಡಣೆ ಕಂಪನಿಗೊಂದು ಥರ. ತಪ್ಪಿದರೆ ಹಾರ್ಡ್ ಡಿಸ್ಕೇ ಸುಡುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಾ? ಬಹಳಷ್ಟು ಸಲ ಅದು ಅರ್ಥಿಂಗ್ ಇಲ್ಲದ್ದರ ಗುರುತು. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಚೂರು ಕರೆಂಟ್ ಲೋಹಕ್ಕೆ ಸೋರುತ್ತದೆ. ಅದನ್ನು ನೆಲಕ್ಕೆ ಒಯ್ಯಬೇಕಾದದ್ದು ಮೂರನೇ ಪಿನ್. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಹಿಂದೆ ಅರ್ಥ್ ವೈರೇ ಇಲ್ಲದಿರಬಹುದು. ಬೇಗ ಎಲೆಕ್ಟ್ರಿಷಿಯನ್ ಕರೆಸಿ. ಮಕ್ಕಳಿರುವ ಮನೆಯಲ್ಲಂತೂ ತಡ ಮಾಡಬೇಡಿ.

ಹಾಳಾದ ಡಬ್ಬಿಯನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮುಂದಿನ ಸಲ ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡಿ, ಜೊತೆಗೆ ಇಂಟರ್ನೆಟ್ ಕೇಬಲ್ಲನ್ನೂ. ಸಿಡಿಲಿನ ಏಟು ಆ ಕೇಬಲ್ ಹಿಡಿದೂ ಒಳಗೆ ಬರುತ್ತದೆ.