ಸ್ಮೋಕರ್ ಇಲ್ಲದೆ, ಒಲೆ ಮೇಲೇ ಪುಲ್ಡ್ ಪೋರ್ಕ್: ನನ್ನ ಅನುಭವ

ಎರಡೂವರೆ ಗಂಟೆಯಲ್ಲಿ ಒಲೆ ಮೇಲೆ ಪುಲ್ಡ್ ಪೋರ್ಕ್, ಅಂದರೆ ಎಳೆ ಎಳೆಯಾಗಿ ಬಿಡಿಸುವಷ್ಟು ಬೆಂದ ಹಂದಿಮಾಂಸ, ಆಗುತ್ತದೆ ಅಂದಾಗ ಇಲ್ಲಿ ಒಬ್ಬರೂ ನಂಬಲಿಲ್ಲ. ಇದು ಅಮೆರಿಕದ ನಾರ್ತ್ ಕೆರೊಲಿನಾ. ಹಿಕರಿ ಕಟ್ಟಿಗೆಯ ಕೆಂಡದ ಮೇಲೆ ರಾತ್ರಿಯಿಡೀ ಬೆಂದರೆ ಮಾತ್ರ ಅದು ಬಾರ್ಬೆಕ್ಯೂ ಅನ್ನುವ ಜನ. ನಮ್ಮ ಭಾವನೂ ಅದೇ ಪೈಕಿ, ಹಿತ್ತಲಲ್ಲಿ ದೊಡ್ಡ ಸ್ಮೋಕರ್, ಅಂದರೆ ಕಟ್ಟಿಗೆಯ ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ, ಇಟ್ಟಿದ್ದಾರೆ. "ಒಲೆ ಮೇಲೆ ಬೇಯಿಸಿದ್ರೆ ಅದು ಬರೀ ಪೋರ್ಕ್ ಸಾರು ಮಾರಾಯ" ಅಂದಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇದ್ದಿಲು ಹಚ್ಚುವ ಹಾಗಿಲ್ಲ. ಹಾಗಾಗಿ ನನಗೆ ಒಲೆಯೇ ಗತಿ. ಈಗ ಅದೇ ಭಾವ ಶನಿವಾರ ಫೋನ್ ಮಾಡಿ "ಇವತ್ತು ಪೋರ್ಕ್ ಉಂಟಾ?" ಅಂತ ಕೇಳುತ್ತಾರೆ.

ದುಡ್ಡು ಹಾಳಾಗುವುದು ಮಾಂಸ ಆರಿಸುವಾಗಲೇ. ಬೇಗ ಬೇಯಲಿ ಅಂತ ಮೊದಲು ಬೆನ್ನಿನ ಮೆತ್ತನೆ ಮಾಂಸ, ಟೆಂಡರ್‌ಲಾಯಿನ್ ತಂದಿದ್ದೆ. ಪೌಂಡಿಗೆ ಐದು ಡಾಲರ್ ಹತ್ತಿರ ಇತ್ತು. ಬೇಗ ಬೆಂದಿತು, ನಿಜ. ಆದರೆ ಎಳೆ ಬಿಡಲಿಲ್ಲ, ತುಂಡು ತುಂಡಾಯಿತು. ಇನ್ನೂ ಬೇಯಿಸಿದರೆ ಒಣಗಿ ಹತ್ತಿ ಜಗಿದ ಹಾಗೆ. ಎಷ್ಟು ಸಾಸ್ ಸುರಿದರೂ ಪ್ರಯೋಜನ ಆಗಲಿಲ್ಲ. ಲಾಯಿನ್‌ದೂ ಅದೇ ಕಥೆ. ಇದಕ್ಕೆ ಬೇಕಾದದ್ದು ಭುಜದ ಮಾಂಸ, ಬಾಸ್ಟನ್ ಬಟ್. ಮೂಳೆ ಸಮೇತ ಪೌಂಡಿಗೆ ಎರಡು, ಎರಡೂವರೆ ಡಾಲರ್. ಸೇಲ್ ಇದ್ದಾಗ ಇನ್ನೂ ಕಡಿಮೆ. ಅದರೊಳಗಿನ ಬಿಳಿ ಪೊರೆ, ಕೊಬ್ಬು ಕರಗಿದಾಗಲೇ ಎಳೆ ಬಿಡುವುದು. ಅದಕ್ಕೆ ಒಳಗಿನ ಬಿಸಿ 200 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕು. ಎಂಟು ಪೌಂಡಿನ ಇಡೀ ಬಟ್ ಸ್ಮೋಕರ್‌ನಲ್ಲಿ ಅಲ್ಲಿಗೆ ಮುಟ್ಟಲು ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ನಡುವೆ 160ರ ಆಸುಪಾಸಿನಲ್ಲಿ ನೀರು ಆವಿಯಾಗುತ್ತಾ ಗಂಟೆಗಟ್ಟಲೆ ಬಿಸಿ ಏರುವುದೇ ಇಲ್ಲ. ಎರಡು ಇಂಚಿನ ತುಂಡು ಮಾಡಿ ಮುಚ್ಚಳ ಹಾಕಿ ಬೇಯಿಸಿದರೆ ಆ ರಗಳೆಯೇ ಇಲ್ಲ.

ಕುಕ್ಕರ್ ಇನ್ನೂ ಬೇಗ ಅಲ್ವಾ ಅಂತ ಕೇಳುತ್ತೀರಿ. ಅದನ್ನೂ ಮಾಡಿ ನೋಡಿದ್ದೇನೆ. ಮುಕ್ಕಾಲು ಗಂಟೆಯಲ್ಲಿ ಮೆತ್ತಗಾಗುತ್ತದೆ, ಆದರೆ ಒಳಗಿನ ನೀರು ಇಂಗುವುದಿಲ್ಲ. ರುಚಿಯೆಲ್ಲ ತೆಳ್ಳಗಿನ ರಸಕ್ಕೆ ಹೋಗಿಬಿಡುತ್ತದೆ. ಅದನ್ನು ಕುದಿಸಿ ಗಟ್ಟಿ ಮಾಡಲು ಮತ್ತೆ ಅರ್ಧ ಗಂಟೆ. ದಪ್ಪ ತಳದ ಪಾತ್ರೆಯೇ ಸೈ.

ನಾಲ್ಕು ಪೌಂಡ್ ಮಾಂಸಕ್ಕೆ ಉಪ್ಪು, ಕಾಳುಮೆಣಸು, ಸಾಸಿವೆ ಪುಡಿ, ಬೆಳ್ಳುಳ್ಳಿ ಪುಡಿ ಹಚ್ಚಿ, ಸ್ವಲ್ಪ ಸ್ವಲ್ಪವೇ ಹುರಿಯಿರಿ. ಒತ್ತೊತ್ತಾಗಿ ಹಾಕಿದರೆ ನೀರು ಬಿಟ್ಟು ಬೇಯುತ್ತದೆ, ಬಣ್ಣ ಬರುವುದಿಲ್ಲ. ಬ್ರೌನ್ ಶುಗರ್ ಹುರಿದು ಆದ ಮೇಲೆ, ಈಗಲೇ ಹಾಕಿದರೆ ಸೀದುಹೋಗುತ್ತದೆ. ತಳ ಹಿಡಿದದ್ದನ್ನು ಆಪಲ್ ಸೈಡರ್ ವಿನೆಗರ್ ಸುರಿದು ಕೆರೆಯಿರಿ. ನೀರು ಒಂದು ಲೋಟ ಸಾಕು, ಉಳಿದದ್ದನ್ನು ಮಾಂಸವೇ ಬಿಡುತ್ತದೆ. ಸಣ್ಣ ಉರಿಯಲ್ಲಿ ಒಂದೂಮುಕ್ಕಾಲು ಗಂಟೆ. ಫೋರ್ಕ್ ಚುಚ್ಚಿ ತಿರುಗಿಸಿದರೆ ತಾನಾಗಿ ಬಿಡಿಸಿಕೊಳ್ಳಬೇಕು.

ಹೆಚ್ಚಿನವರು ಇಲ್ಲಿಗೇ ಒಲೆ ಆರಿಸುತ್ತಾರೆ. ಭಾವ ಹೇಳಿದ ಪೋರ್ಕ್ ಸಾರು ಆಗುವುದು ಹೀಗೆ. ನಾನು ಎಳೆಗಳನ್ನು ರಸದಿಂದ ಎತ್ತಿ, ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಗೆ ಅದರದೇ ಕೊಬ್ಬಿನ ಜೊತೆ ಹಾಕಿ ತೆಳ್ಳಗೆ ಹರಡುತ್ತೇನೆ. ಮೂರು ನಿಮಿಷ ಸೌಟು ಮುಟ್ಟುವ ಹಾಗಿಲ್ಲ. ಮೊದಲು ಚಟಚಟ ಜೋರಾಗಿರುತ್ತದೆ. ನೀರು ಆರುತ್ತಿದ್ದಂತೆ ಸದ್ದು ಸಣ್ಣದಾಗುತ್ತದೆ, ಅಂಚು ಕಪ್ಪುಗಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ. ಆಗ ಮಗುಚಿ, ಕುದಿಸಿ ಗಟ್ಟಿ ಮಾಡಿದ ರಸ ನಾಲ್ಕು ಚಮಚ ಸುರಿದರೆ ಎಳೆ ಎಳೆಗೂ ಅಂಟಿ ಹೊಳೆಯುತ್ತದೆ. ಸ್ಮೋಕರ್‌ನವರು ಹೊಗಳುವ ಕರಿ ಹೊರಪದರದ ರುಚಿ ಇಲ್ಲೇ ಸಿಗುವುದು. ಲೆಕ್ಸಿಂಗ್‌ಟನ್ ಎಂಬ, ಬಾರ್ಬೆಕ್ಯೂಗೆ ಹೆಸರಾದ ಈ ರಾಜ್ಯದ ಊರಿನ ಕಡೆ ಬೆಳೆದ ಪಕ್ಕದ ಮನೆಯ ಅಜ್ಜ ತಿಂದು, ಯಾವ ಅಂಗಡಿಯಿಂದ ತಂದೆ ಅಂತ ಕೇಳಿದರು. ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?

ಹೊಗೆಯ ಪರಿಮಳಕ್ಕೆ ಲಿಕ್ವಿಡ್ ಸ್ಮೋಕ್ ನಾಲ್ಕೈದು ಹನಿ ಮಾತ್ರ. ಅದು ಕಟ್ಟಿಗೆಯ ಹೊಗೆಯನ್ನೇ ತಣಿಸಿ ಹಿಡಿದದ್ದು, ಆದರೆ ಅರ್ಧ ಚಮಚ ಬಿದ್ದರೆ ಆಸ್ಪತ್ರೆ ವಾಸನೆ. ಹಾಗೆ ಹತ್ತು ಡಾಲರ್ ಮಾಂಸ ಕಸಕ್ಕೆ ಹೋಗಿದೆ. ಅದಕ್ಕಿಂತ ಕಪ್ಪು ಏಲಕ್ಕಿ ವಾಸಿ. ಅದನ್ನು ಬೆಂಕಿಯ ಹೊಗೆಯಲ್ಲೇ ಒಣಗಿಸುವುದು, ಎರಡು ಕಾಯಿ ಜಜ್ಜಿ ಹಾಕಿದರೆ ಸಾಕು. ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ. ಇನ್ನೊಂದು ಸಾಮಾನು ಉಂಟು, ಅದನ್ನು ಇಲ್ಲಿ ಹೇಳುವುದಿಲ್ಲ. ಭಾವನಿಗೂ ಹೇಳಿಲ್ಲ.

ಸಾಸ್ ವಿಷಯದಲ್ಲಿ ನಾನು ಲೆಕ್ಸಿಂಗ್‌ಟನ್ ಪಕ್ಷ. ಈ ರಾಜ್ಯದ ಪೂರ್ವದವರು ಬರೀ ವಿನೆಗರ್, ಮೆಣಸು, ಉಪ್ಪು ಅನ್ನುತ್ತಾರೆ. ಲೆಕ್ಸಿಂಗ್‌ಟನ್‌ನವರು ಅದಕ್ಕೆ ಸ್ವಲ್ಪ ಕೆಚಪ್ ಸೇರಿಸುತ್ತಾರೆ. ಗಡಿ ದಾಟಿ ಸೌತ್ ಕೆರೊಲಿನಾಕ್ಕೆ ಹೋದರೆ ಸಾಸಿವೆ ಸಾಸ್. ಅಂಗಡಿಯ ದಪ್ಪ ಸಿಹಿ ಸಾಸ್ ಮಾತ್ರ ಬೇಡವೇ ಬೇಡ, ಮಾಂಸದ ರುಚಿ ಮುಚ್ಚಿಹೋಗುತ್ತದೆ. ಅಮ್ಮ ಮಡಿಕೇರಿಯಿಂದ ತಂದ ಕಾಚಂಪುಳಿ, ಅಂದರೆ ಕೊಡಗಿನ ಗಟ್ಟಿ ಕಪ್ಪು ಹುಳಿ, ಇತ್ತು, ವಿನೆಗರ್ ಬದಲು ಅದನ್ನೇ ಒಂದು ಚಮಚ ಹಾಕಿ ನೋಡಿದೆ. ಪೂರ್ತಿ ಪಂದಿಕರಿ ಕಡೆ ವಾಲಿತು! ಅಕ್ಕಿ ರೊಟ್ಟಿ ಜೊತೆ ಬಹಳ ಚೆನ್ನಾಗಿತ್ತು, ಬನ್ನಿಗೆ ಹೊಂದಲಿಲ್ಲ. ಈಗ ವಿನೆಗರ್ ಜೊತೆಗೇ ಕಾಲು ಚಮಚ ಸೇರಿಸುತ್ತೇನೆ, ಹುಳಿಗೆ ಒಂದು ಆಳ ಬರುತ್ತದೆ.

ಬನ್ ಅದೇ ಬಾಣಲೆಯಲ್ಲಿ ಕಾಯಿಸಿ. ಮೇಲೆ ಎಲೆಕೋಸು ಸಣ್ಣಗೆ ಹೆಚ್ಚಿ ವಿನೆಗರ್, ಕೆಚಪ್ ಕಲಸಿದ ಕೆಂಪು ಸ್ಲಾ. ಮೆಯೊನೀಸ್ ಬೇಡ. ಮೂಳೆ, ನೀರು ಕಳೆದು ನಾಲ್ಕು ಪೌಂಡಿಗೆ ಎರಡು ಪೌಂಡಿನ ಮೇಲೆ ಮಾಂಸ ಉಳಿಯುತ್ತದೆ, ಅಂದರೆ ಎಂಟು ಒಳ್ಳೆಯ ಸ್ಯಾಂಡ್‌ವಿಚ್. ಬನ್, ಎಲೆಕೋಸು, ಸಾಮಾನು ಎಲ್ಲ ಸೇರಿ ಹದಿನಾರು ಹದಿನೇಳು ಡಾಲರ್. ಒಂದಕ್ಕೆ ಎರಡು ಡಾಲರ್ ಆಸುಪಾಸು. ಹೊರಗೆ ತಿಂದರೆ ಒಂದಕ್ಕೇ ಒಂಬತ್ತು ಹತ್ತು ಕೊಡಬೇಕು. ಉಳಿದರೆ ಹುರಿಯದ ಎಳೆಗಳನ್ನು ರಸದ ಜೊತೆಗೇ ಫ್ರೀಜರ್‌ಗೆ ಹಾಕಿ. ತಿನ್ನುವ ದಿನವೇ ಬಾಣಲೆಗೆ ಹಾಕಿ, ಮೈಕ್ರೋವೇವ್‌ನಲ್ಲಿ ಆ ಗರಿ ಬರುವುದಿಲ್ಲ.