ಟೇಸ್ಟಿಂಗ್ ಪೌಡರ್ ಇಲ್ಲದ ನನ್ನ ಗೋಬಿ ಗ್ರೇವಿ

ಟೇಸ್ಟಿಂಗ್ ಪೌಡರ್ ಹಾಕದೆ ಗೋಬಿ ಮಂಚೂರಿ ಗ್ರೇವಿ ಕುದುರುವುದಿಲ್ಲ ಅಂತ ಕೇಟರಿಂಗ್ ಗೆಳೆಯರೆಲ್ಲ ಹೇಳಿದ್ದರು. ಈಗ ನನ್ನ ಮದುವೆ ಆರ್ಡರ್‌ಗಳಲ್ಲಿ ಅದಿಲ್ಲದೆಯೇ ಪಾತ್ರೆ ಖಾಲಿಯಾಗುತ್ತಿದೆ. ಪೌಡರ್ ವಿಷ ಅಂತ ನಾನು ಬಿಟ್ಟಿದ್ದಲ್ಲ. ಅದರಲ್ಲಿ ರುಚಿ ಕೊಡುವ ಗ್ಲುಟಮೇಟ್ ಅನ್ನುವ ಅಂಶವೂ ಟೊಮೆಟೊದ ಗ್ಲುಟಮೇಟೂ ಒಂದೇ, ತಾಯಿಯ ಹಾಲಲ್ಲೂ ಇದೆ. ಗಿರಾಕಿಗಳು ಬೇಡ ಅಂದರು, ಅಷ್ಟೇ.

ಮೊದಲು ಸೋಯಾ ಸಾಸ್ ಜಾಸ್ತಿ ಮಾಡಿದೆ. ಗ್ರೇವಿ ಕಪ್ಪಾಯಿತು, ಉಪ್ಪು ಏರಿತು. ಟೊಮೆಟೊ ಇಂಗಿಸಿ ಹಾಕಿದರೆ ಬರೀ ಹುಳಿ. ಎರಡೂ ಸೇರಿ ಹತ್ತಿರ ಹತ್ತಿರ 2,000 ರೂಪಾಯಿ ಚರಂಡಿಗೆ ಹೋಯಿತು. ಸಾಸ್ ಕೊಳ್ಳುವಾಗ ಲೇಬಲ್ ಓದಿ, 621 ಅಂತಿದ್ದರೆ ಅದೇ ಪೌಡರ್ ಮತ್ತೆ ಬಂದ ಹಾಗೆ.

ದಾರಿ ಸಿಕ್ಕಿದ್ದು ಜಪಾನಿನವರ ಕೆಲಸದಿಂದ. 1908ರಲ್ಲಿ ಕಿಕುನಾಯೆ ಇಕೆಡ ಕೊಂಬು ಕಡಲಕಳೆಯ ಸಾರಿನಲ್ಲಿ ಗ್ಲುಟಮೇಟ್ ಹಿಡಿದರು. ಆಮೇಲೆ ಅಕಿರಾ ಕುನಿನಾಕ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಅನ್ನುವ ಇನ್ನೊಂದು ರುಚಿಯ ಅಂಶ ಗ್ಲುಟಮೇಟ್ ಜೊತೆ ಸೇರಿದರೆ ರುಚಿ ಎಷ್ಟೋ ಪಟ್ಟು ಏರುತ್ತದೆ ಅಂತ ತೋರಿಸಿದರು. ನನ್ನ ಗ್ರೇವಿಯಲ್ಲಿ ಇಲ್ಲದ್ದು ಆ ಜೋಡಿ.

ಒಣ ಶಿಟಾಕೆಯನ್ನು ತಣ್ಣೀರಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸುತ್ತೇನೆ. ಬೆಳಿಗ್ಗೆ ಸಣ್ಣ ಉರಿ, 65 ಡಿಗ್ರಿ ಆಸುಪಾಸು. ಬೆರಳು ಅದ್ದಿ ಇಟ್ಟುಕೊಳ್ಳಲಾಗದಷ್ಟು ಬಿಸಿ, ಆದರೆ ಒಂದು ಗುಳ್ಳೆಯೂ ಏಳಬಾರದು. ಒಮ್ಮೆಲೇ ಕುದಿಸಿದರೆ ಗ್ವಾನಿಲೇಟ್ ಹುಟ್ಟಿಸುವ ಕಿಣ್ವಕ್ಕೆ ಟೈಮೇ ಸಿಗುವುದಿಲ್ಲ. ಟೊಮೆಟೊ ಪೂರ್ತಿ ಕೆಂಪಾಗಿರಲಿ, ಹಣ್ಣಾದಷ್ಟೂ ಗ್ಲುಟಮೇಟ್ ಜಾಸ್ತಿ. ಬೀಜದ ಸುತ್ತಲಿನ ಲೋಳೆ ಎಸೆಯಲೇಬೇಡಿ. ತಿರುಳಿಗಿಂತ ಅಲ್ಲೇ ಹೆಚ್ಚಿರುವುದು.

ದುಡ್ಡಿನ ಮಾತು. ಪೌಡರ್ ಕಿಲೋಗೆ 200 ಇರಬಹುದು, ನನಗೆ ಸಿಗುವ ಶಿಟಾಕೆ 1,500ರ ಹತ್ತಿರ. ಆದರೆ 100 ಪ್ಲೇಟಿಗೆ 50 ಗ್ರಾಂ ಸಾಕು, ಪ್ಲೇಟಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಕೋಲಾರ ಮಂಡಿಯಲ್ಲಿ ಟೊಮೆಟೊ ದರ ಬಿದ್ದಾಗ ಕ್ರೇಟ್‌ಗಟ್ಟಲೆ ತಂದು ಒಣಗಿಸಿಟ್ಟುಕೊಳ್ಳುತ್ತೇನೆ. ದರ ಏರಿದಾಗ ಬೇರೆಯವರು ಪರದಾಡುತ್ತಾರೆ, ನಾನು ಆರಾಮ.

ನಡುವೆ ಮೈದಾ ಹಿಟ್ಟು ತೊಳೆದು ಉಳಿದ ಅಂಟನ್ನೂ ಬೇಯಿಸಿ ನೋಡಿದೆ. 1866ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ರಿಟ್‌ಹೌಸನ್ ಗ್ಲುಟಮಿಕ್ ಆಮ್ಲ (ಗ್ಲುಟಮೇಟ್‌ನ ಆಮ್ಲ ರೂಪ) ತೆಗೆದದ್ದು ಗೋಧಿಯ ಅಂಟಿನಿಂದಲೇ ಅಲ್ವಾ? ರುಚಿ ಸೊನ್ನೆ. ಪ್ರೋಟೀನ್ ಒಳಗೆ ಕಟ್ಟಿಕೊಂಡ ಆಮ್ಲ ನಾಲಿಗೆಗೆ ಸಿಗುವುದಿಲ್ಲ, ಹುದುಗಿದರೆ ಬಿಡಿಸಿಕೊಳ್ಳುತ್ತದೆ. ಸೋಯಾ ಸಾಸ್‌ನಲ್ಲಿ ನಡೆಯುವುದೂ ಅದೇ. ಈಗ ಗೋಧಿ, ಸೋಯಾ ಎರಡನ್ನೂ ಸೇರಿಸಿ ಒಂದು ಭರಣಿ ಹುದುಗಲು ಇಟ್ಟಿದ್ದೇನೆ.

ಅಣಬೆ ನೀರು, ಟೊಮೆಟೊ, ಸೋಯಾ ಯಾವ ಅಳತೆಯಲ್ಲಿ, ಯಾವ ಹೊತ್ತಿಗೆ ಬಾಣಲೆಗೆ ಬೀಳಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.