ಎಂಕೆ ಧೂಮಕೇತುವಿನ ಕಕ್ಷೆಯನ್ನು ಒಂದೇ ಹಾಳೆಯ ಮೇಲೆ ಬರೆಯುವ ಬಗೆ

ಪಠ್ಯಪುಸ್ತಕಗಳಲ್ಲಿ ಧೂಮಕೇತುವಿನ ದಾರಿಯೆಂದು ಕಾಣುವ ಉದ್ದನೆಯ ದೀರ್ಘವೃತ್ತ ಬಹಳಷ್ಟು ಸಲ ಅಳತೆಯಿಲ್ಲದ ಅಲಂಕಾರವಾಗಿರುತ್ತದೆ. ನಿಜವಾದ ಅಳತೆಗೆ ಒಂದು ಕಕ್ಷೆಯನ್ನು ಬರೆಯುವುದು ಕಷ್ಟದ ಕೆಲಸವೇನಲ್ಲ. ಒಂದು ಎ4 ಹಾಳೆ, ಎರಡು ಗುಂಡುಸೂಜಿ, ಹಿಗ್ಗದ ದಾರ, ಕೈವಾರ, ಕೋನಮಾಪಕ ಮತ್ತು ಸೈನ್ ಬೆಲೆ ಕೊಡುವ ಕ್ಯಾಲ್ಕುಲೇಟರ್ ಇದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆದರೆ ಬರಿಯ ಆಕಾರ ಬರೆದು ನಿಲ್ಲಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಧೂಮಕೇತು ಯಾವ ದಿನ ಎಲ್ಲಿರುತ್ತದೆ ಎಂಬ ಗುರುತುಗಳು ಬಿದ್ದ ಮೇಲೆಯೇ ಆ ಗೆರೆ ಕಕ್ಷೆ ಎನಿಸಿಕೊಳ್ಳುತ್ತದೆ.

ಮೊದಲ ಪ್ರಯತ್ನಕ್ಕೆ ಎಂಕೆ ಧೂಮಕೇತುವೇ ಸೂಕ್ತ. ಅದರ ಅಧಿಕೃತ ಗುರುತು 2ಪಿ, ಅಂದರೆ ಮರಳಿ ಬರುತ್ತದೆಂದು ಖಚಿತವಾದ ಧೂಮಕೇತುಗಳ ಪಟ್ಟಿಯಲ್ಲಿ ಹ್ಯಾಲಿಯ ನಂತರದ್ದು. ಸುಮಾರು 3.3 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವುದರಿಂದ ನಮ್ಮ ಚಿತ್ರವನ್ನು ಆಕಾಶದೊಡನೆ ಹೋಲಿಸಲು ಬಹಳ ಕಾಲ ಕಾಯಬೇಕಿಲ್ಲ. ಅದರ ಇಡೀ ದಾರಿ ಗುರುವಿನ ಕಕ್ಷೆಯ ಒಳಗೇ ಇರುವುದರಿಂದ ಹಾಳೆಯೂ ಸಾಕಾಗುತ್ತದೆ. ಹ್ಯಾಲಿಯಂತೆ ಇದಕ್ಕೂ ಮೊದಲು ಕಂಡವರ ಹೆಸರಿಲ್ಲ, ಲೆಕ್ಕ ಹಾಕಿದವರ ಹೆಸರಿದೆ. 1786ರಲ್ಲಿ ಪಿಯರ್ ಮೆಷೆನ್, 1795ರಲ್ಲಿ ಕ್ಯಾರೊಲಿನ್ ಹರ್ಷೆಲ್, 1805 ಮತ್ತು 1818ರಲ್ಲಿ ಜಾನ್ ಲೂಯಿ ಪಾನ್ಸ್ ಕಂಡ ಧೂಮಕೇತುಗಳೆಲ್ಲ ಒಂದೇ ಎಂದು 1819ರಲ್ಲಿ ಗಣಿಸಿ ತೋರಿಸಿದವರು ಜರ್ಮನಿಯ ಯೋಹಾನ್ ಎಂಕೆ. 1822ರಲ್ಲಿ ಅದು ಮರಳುತ್ತದೆಂದು ಅವರು ಹೇಳಿದ್ದರು. ಅದೇ ವರ್ಷದ ಜೂನ್‌ನಲ್ಲಿ ಆಸ್ಟ್ರೇಲಿಯಾದ ಪ್ಯಾರಮಟ್ಟಾ ವೀಕ್ಷಣಾಲಯದಿಂದ ಕಾರ್ಲ್ ರೂಮ್ಕರ್ ಅದನ್ನು ಕಂಡರು.

ಆಕಾರಕ್ಕೆ ಎರಡೇ ಸಂಖ್ಯೆಗಳು ಸಾಕು. ಒಂದು, ಕಕ್ಷೆಯ ಉದ್ದದ ಅರ್ಧವಾದ ಅರ್ಧದೀರ್ಘಾಕ್ಷ. ಎಂಕೆಗೆ ಇದು 2.22 ಖಗೋಳಮಾನ. ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರವೇ, ಅಂದರೆ ಸುಮಾರು 15 ಕೋಟಿ ಕಿಲೋಮೀಟರೇ, ಒಂದು ಖಗೋಳಮಾನ. ಇನ್ನೊಂದು, ದೀರ್ಘವೃತ್ತ ಎಷ್ಟು ಚಪ್ಪಟೆಯಾಗಿದೆ ಎಂದು ತಿಳಿಸುವ ಉತ್ಕೇಂದ್ರತೆ. ಎಂಕೆಗೆ ಇದು 0.847. ಎರಡನ್ನೂ ಗುಣಿಸಿದರೆ ಬರುವ 1.88, ಕಕ್ಷೆಯ ನಡುವಿನಿಂದ ಸೂರ್ಯ ಎಷ್ಟು ಸರಿದು ಕುಳಿತಿದ್ದಾನೆ ಎಂಬುದರ ಅಳತೆ. 2.22ರಿಂದ ಅದನ್ನು ಕಳೆದರೆ ಸೂರ್ಯನಿಗೆ ಅತಿ ಸಮೀಪದ ಬಿಂದುವಾದ ಪುರರವಿ 0.34ರಲ್ಲಿ, ಕೂಡಿದರೆ ಅತಿ ದೂರದ ಅಪರವಿ 4.10ರಲ್ಲಿ ಸಿಗುತ್ತದೆ.

ಒಂದು ಖಗೋಳಮಾನಕ್ಕೆ 4 ಸೆಂಟಿಮೀಟರ್ ಎಂಬ ಪ್ರಮಾಣವನ್ನು ಇಟ್ಟುಕೊಳ್ಳಿ. ಹಾಳೆಯನ್ನು ಅಡ್ಡಲಾಗಿ ಒಂದು ದಪ್ಪ ರಟ್ಟಿನ ಮೇಲೆ ಇರಿಸಿ, ನಡುವೆ ಎಡದಿಂದ ಬಲಕ್ಕೆ ಒಂದು ನೇರ ಗೆರೆ ಎಳೆದು, ಎಡ ಅಂಚಿನಿಂದ 6.5 ಸೆಂ.ಮೀ. ಒಳಗೆ ಮೊದಲ ಸೂಜಿಯನ್ನು ಚುಚ್ಚಿ. ಅದು ಸೂರ್ಯ. ಅಲ್ಲಿಂದ ಬಲಕ್ಕೆ ಅದೇ ಗೆರೆಯ ಮೇಲೆ 15 ಸೆಂ.ಮೀ. ದೂರದಲ್ಲಿ ಎರಡನೆಯ ಸೂಜಿ; ಅದು ಕಕ್ಷೆಯ ಇನ್ನೊಂದು ನಾಭಿ, ಅಲ್ಲಿ ಯಾವ ಕಾಯವೂ ಇಲ್ಲ. ದಾರವನ್ನು ಗಂಟು ಬಿಗಿದ ಮೇಲೆ ಸುತ್ತಳತೆ 32.8 ಸೆಂ.ಮೀ. ಬರುವಂತೆ ಕುಣಿಕೆ ಮಾಡಿ, ಎರಡೂ ಸೂಜಿಗಳಿಗೆ ತೊಡಿಸಿ, ಪೆನ್ಸಿಲ್ ಮೊನೆಯಿಂದ ಬಿಗಿಯಾಗಿ ಎಳೆದುಕೊಂಡೇ ಒಂದು ಸುತ್ತು ಬರೆಯಿರಿ. ಗಂಟಿಗೆ ಎಷ್ಟು ದಾರ ನುಂಗಿಹೋಗುತ್ತದೆ ಎಂಬುದನ್ನು ಮೊದಲೇ ಊಹಿಸಲಾಗದು, ಆದ್ದರಿಂದ ಉದ್ದ ಬಿಟ್ಟುಕೊಂಡು ಕಟ್ಟಿ, ಸೂಜಿಗಳಿಗೆ ತೊಡಿಸಿ ನೋಡಿ ಸರಿಪಡಿಸುವುದು ಒಳ್ಳೆಯದು. ಗೆರೆಯು ಸೂರ್ಯನ ಎಡಕ್ಕೆ 1.36 ಸೆಂ.ಮೀ. ದೂರದಲ್ಲಿ ಅಕ್ಷವನ್ನು ದಾಟಿದರೆ ದಾರದ ಅಳತೆ ಸರಿಯಿದೆ. ಬಲತುದಿ ಸೂರ್ಯನಿಂದ 16.4 ಸೆಂ.ಮೀ. ದೂರದಲ್ಲಿರಬೇಕು.

ಈಗ ಗ್ರಹಗಳು. ಸೂರ್ಯನನ್ನೇ ಕೇಂದ್ರವಾಗಿಟ್ಟು ಬುಧಕ್ಕೆ 1.55, ಶುಕ್ರಕ್ಕೆ 2.9, ಭೂಮಿಗೆ 4, ಮಂಗಳಕ್ಕೆ 6.1 ಸೆಂ.ಮೀ. ತ್ರಿಜ್ಯದ ವೃತ್ತಗಳನ್ನು ಹಾಕಿ. ಬುಧ, ಮಂಗಳಗಳ ನಿಜವಾದ ಕಕ್ಷೆಗಳು ಇಷ್ಟು ದುಂಡಗಿಲ್ಲ, ಆದರೆ ಇಲ್ಲಿ ಅದನ್ನು ಕಡೆಗಣಿಸಬಹುದು. ಗುರುವಿನ ಕಕ್ಷೆಗೆ 20.8 ಸೆಂ.ಮೀ. ಬೇಕು, ಕೈವಾರ ಅಷ್ಟು ಅಗಲ ತೆರೆಯುವುದಿಲ್ಲ. ಸೂರ್ಯನ ಸೂಜಿಗೆ ದಾರ ಕಟ್ಟಿ ಬಲಭಾಗದಲ್ಲಿ ಒಂದು ಕಮಾನನ್ನಷ್ಟೇ ಬರೆದರಾಯಿತು. ಎಂಕೆ ಒಂದು ತುದಿಯಲ್ಲಿ ಬುಧನ ವೃತ್ತದ ಒಳಕ್ಕೆ ನುಗ್ಗುತ್ತದೆ, ಇನ್ನೊಂದು ತುದಿಯಲ್ಲಿ ಗುರುವಿನ ಕಮಾನನ್ನು ಮುಟ್ಟದೆ ಹಿಂದಿರುಗುತ್ತದೆ.

ಮುಂದಿನದು ಕಾಲದ ಗುರುತು. ಕೆಪ್ಲರ್‌ನ ಮೂರನೆಯ ನಿಯಮದಂತೆ ಅರ್ಧದೀರ್ಘಾಕ್ಷವನ್ನು ಅದರ ವರ್ಗಮೂಲದಿಂದ ಗುಣಿಸಿದರೆ ಅವಧಿಯು ವರ್ಷಗಳಲ್ಲಿ ಸಿಗುತ್ತದೆ, 2.22ಕ್ಕೆ ಇದು 3.307 ವರ್ಷ, ಅಂದರೆ 1208 ದಿನ. ಈ ದಿನಗಳನ್ನು ಗೆರೆಯ ಉದ್ದಕ್ಕೂ ಸಮನಾಗಿ ಹಂಚುವಂತಿಲ್ಲ, ಏಕೆಂದರೆ ಸೂರ್ಯನ ಬಳಿ ಧೂಮಕೇತು ಧಾವಿಸುತ್ತದೆ, ದೂರದಲ್ಲಿ ತೆವಳುತ್ತದೆ. ದಿನಾಂಕ ಕೊಟ್ಟರೆ ಸ್ಥಾನ ಹೇಳುವ ಕೆಪ್ಲರ್ ಸಮೀಕರಣವನ್ನು ನೇರವಾಗಿ ಬಿಡಿಸಲು ಬರುವುದಿಲ್ಲ, ಊಹಿಸಿ ತಿದ್ದುತ್ತ ಹೋಗಬೇಕು. ಕಾಗದದ ಕೆಲಸಕ್ಕೆ ಆ ತೊಂದರೆ ಬೇಡ. ಲೆಕ್ಕವನ್ನು ತಿರುಗಿಸಿ, ಸ್ಥಾನವನ್ನು ಮೊದಲು ಆಯ್ದುಕೊಂಡು ಅಲ್ಲಿಗೆ ಎಷ್ಟು ದಿನವೆಂದು ಕೇಳಿದರೆ ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ.

ವಿಧಾನ ಹೀಗಿದೆ. 0ಯಿಂದ 180 ಡಿಗ್ರಿಯೊಳಗೆ ಯಾವುದಾದರೊಂದು ಕೋನವನ್ನು ಆಯ್ದುಕೊಳ್ಳಿ. ಇದಕ್ಕೆ ಕೇಂದ್ರಕೋನ ಎನ್ನೋಣ. ಅದರ ಸೈನ್ ಬೆಲೆಯನ್ನು 48.53ರಿಂದ ಗುಣಿಸಿ, ಬಂದದ್ದನ್ನು ಆ ಕೋನದಿಂದ ಕಳೆದು, 360ರಿಂದ ಭಾಗಿಸಿ, 1208ರಿಂದ ಗುಣಿಸಿದರೆ ಪುರರವಿಯಿಂದ ಕಳೆದ ದಿನಗಳು ಸಿಗುತ್ತವೆ. 48.53 ಎಂದರೆ ಉತ್ಕೇಂದ್ರತೆಯನ್ನು ಡಿಗ್ರಿಗೆ ಬದಲಾಯಿಸಿದ ಸಂಖ್ಯೆ, 0.847ನ್ನು 57.3ರಿಂದ ಗುಣಿಸಿದಾಗ ಬರುವಂಥದ್ದು. ಸೂರ್ಯನಿಂದ ದೂರ ಬೇಕಾದರೆ ಅದೇ ಕೋನದ ಕೊಸೈನನ್ನು 0.847ರಿಂದ ಗುಣಿಸಿ, 1ರಿಂದ ಕಳೆದು, 2.22ರಿಂದ ಗುಣಿಸಿ. ಕ್ಯಾಲ್ಕುಲೇಟರ್ ಡಿಗ್ರಿಯ ಸ್ಥಿತಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಲೆಕ್ಕ ಕೆಟ್ಟರೆ ಹೆಚ್ಚಾಗಿ ಕೆಡುವುದು ಅಲ್ಲೇ.

30 ಡಿಗ್ರಿಗೆ ಮಾಡಿ ನೋಡೋಣ. ಸೈನ್ 0.5, ಅದನ್ನು 48.53ರಿಂದ ಗುಣಿಸಿದರೆ 24.27, ಅದನ್ನು 30ರಿಂದ ಕಳೆದರೆ 5.73, ದಿನಗಳು 19. ದೂರ 0.59 ಖಗೋಳಮಾನ, ಹಾಳೆಯ ಮೇಲೆ 2.37 ಸೆಂ.ಮೀ. ಕೈವಾರವನ್ನು ಅಷ್ಟು ತೆರೆದು, ಸೂರ್ಯನ ಮೇಲೆ ಮುಳ್ಳಿಟ್ಟು, ದೀರ್ಘವೃತ್ತವನ್ನು ಮೇಲೊಮ್ಮೆ ಕೆಳಗೊಮ್ಮೆ ಕತ್ತರಿಸಿ. ಸೌರವ್ಯೂಹವನ್ನು ಉತ್ತರದಿಂದ ನೋಡುವಾಗ ಗ್ರಹಗಳೂ ಎಂಕೆಯೂ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಧೂಮಕೇತು ಮೇಲರ್ಧದಲ್ಲಿ ಸೂರ್ಯನತ್ತ ಬರುತ್ತದೆ, ಕೆಳಗಿನರ್ಧದಲ್ಲಿ ಹೊರಟುಹೋಗುತ್ತದೆ. ಹಾಗಾಗಿ ಮೇಲಿನ ಗುರುತಿಗೆ ‘19 ದಿನ ಮುಂಚೆ’, ಕೆಳಗಿನದಕ್ಕೆ ‘19 ದಿನ ನಂತರ’ ಎಂದು ಬರೆಯಿರಿ. 60 ಡಿಗ್ರಿಗೆ 60 ದಿನ ಮತ್ತು 5.12 ಸೆಂ.ಮೀ., 90ಕ್ಕೆ 139 ದಿನ ಮತ್ತು 8.88 ಸೆಂ.ಮೀ., 120ಕ್ಕೆ 262 ದಿನ ಮತ್ತು 12.64 ಸೆಂ.ಮೀ., 150ಕ್ಕೆ 422 ದಿನ ಮತ್ತು 15.39 ಸೆಂ.ಮೀ. ಬರುತ್ತವೆ. 180 ಡಿಗ್ರಿಗೆ, ಅಂದರೆ ಅಪರವಿಗೆ, 604 ದಿನ.

ಗುರುತುಗಳೆಲ್ಲ ಬಿದ್ದ ಮೇಲೆ ಹಾಳೆಯನ್ನು ಸ್ವಲ್ಪ ಹೊತ್ತು ನೋಡುವುದು ಲಾಭದಾಯಕ. ಎಂಕೆ ತನ್ನ 1208 ದಿನಗಳಲ್ಲಿ ಭೂಮಿಯ ವೃತ್ತದ ಒಳಗೆ ಕಳೆಯುವುದು ಸುಮಾರು 85 ದಿನ ಮಾತ್ರ. 3 ಖಗೋಳಮಾನದಾಚೆಯ ಚಳಿಯಲ್ಲಿ 700ಕ್ಕೂ ಹೆಚ್ಚು ದಿನ. ಪುರರವಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 69 ಕಿಲೋಮೀಟರ್, ಅಪರವಿಯಲ್ಲಿ 6 ಕಿಲೋಮೀಟರಿಗೂ ಕಡಿಮೆ. ಬಾಲ ಮೂಡುವುದಿದ್ದರೆ ಅದು ಸೂರ್ಯನ ಬಳಿಯ ಆ ಕೆಲವೇ ವಾರಗಳ ವೈಭವ.

ಇಷ್ಟರಿಂದ ದಾರಿಯ ಆಕಾರ, ವೇಳಾಪಟ್ಟಿ ಎರಡೂ ಸಿಕ್ಕವು, ದಿಕ್ಕು ಮಾತ್ರ ಉಳಿಯಿತು. ಯಾವುದೇ ಧೂಮಕೇತುವಿನ ಅಂಶಪಟ್ಟಿಯಲ್ಲಿ, ಅಂದರೆ ಕಕ್ಷೆಯನ್ನು ತಿಳಿಸುವ ಸಂಖ್ಯೆಗಳ ಪಟ್ಟಿಯಲ್ಲಿ, ಇದಕ್ಕಾಗಿ ಮೂರು ಕೋನಗಳಿರುತ್ತವೆ. ಭೂಕಕ್ಷೆಯ ತಲಕ್ಕೆ ಎಂಕೆಯ ತಲದ ಓರೆ 12 ಡಿಗ್ರಿಗಿಂತ ತುಸು ಕಡಿಮೆ. ಎರಡೂ ತಲ ಒಂದೇ ಎಂದು ಭಾವಿಸಿದರೂ ನಮ್ಮ ಹಾಳೆಗೆ ಭಾರಿ ದೋಷ ಬಾರದು. (ಹ್ಯಾಲಿಗೆ ಈ ರಿಯಾಯಿತಿ ಸಿಗದು, ಅದು ಗ್ರಹಗಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ.) ಉಳಿದ ಎರಡು, ಆರೋಹಣ ಪಾತದ (ಧೂಮಕೇತು ಭೂಕಕ್ಷೆಯ ತಲವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದುವಿನ) ರೇಖಾಂಶ, ಅಂದರೆ ಸೂರ್ಯನ ಸುತ್ತ ಅಳೆದ ದಿಕ್ಕು, ಸುಮಾರು 334 ಡಿಗ್ರಿ ಮತ್ತು ಅಲ್ಲಿಂದ ಪುರರವಿಯವರೆಗಿನ ಕೋನ ಸುಮಾರು 187 ಡಿಗ್ರಿ. ಎರಡನ್ನೂ ಕೂಡಿ 360 ಕಳೆದರೆ 161. ಹೀಗಾಗಿ ಹಾಳೆಯ ಎಡದಿಕ್ಕು 161 ಡಿಗ್ರಿ ರೇಖಾಂಶ.

ಭೂಮಿಯನ್ನು ಕೂರಿಸುವುದು ಈಗ ಸುಲಭ. ಮಾರ್ಚ್ 2ರ ಸುಮಾರಿಗೆ, ಸೂರ್ಯನಿಂದ ನೋಡಿದಾಗ, ಭೂಮಿ ಇದೇ 161 ಡಿಗ್ರಿಯಲ್ಲಿರುತ್ತದೆ, ಅಂದರೆ ಅಕ್ಷದ ಎಡಭಾಗದಲ್ಲಿ. ಅದಕ್ಕಿಂತ ಎಷ್ಟು ದಿನ ಹಿಂದಿನ ಸ್ಥಾನ ಬೇಕೋ ದಿನಕ್ಕೆ ಒಂದು ಡಿಗ್ರಿಯಂತೆ ಪ್ರದಕ್ಷಿಣವಾಗಿ ಹಿಂದಕ್ಕೆ ಅಳೆಯಿರಿ. 2023ರ ಅಕ್ಟೋಬರ್ 22ರಂದು ಎಂಕೆ ಪುರರವಿಯನ್ನು ದಾಟಿತು. ಅದಕ್ಕೆ 1208 ದಿನ ಸೇರಿಸಿದರೆ 2027ರ ಫೆಬ್ರವರಿ 11. ಎಲ್ಲ ಗ್ರಹಗಳ ಸೆಳೆತವನ್ನೂ ಸೇರಿಸಿಕೊಂಡ ನಿಖರ ಗಣನೆ ಇದಕ್ಕಿಂತ ಒಂದೆರಡು ದಿನ ಮುಂಚೆ ಬೀಳುತ್ತದೆ. ನಾವು ಫೆಬ್ರವರಿ 10 ಎಂದಿಟ್ಟುಕೊಳ್ಳೋಣ.

60 ದಿನ ಮುಂಚೆ, ಅಂದರೆ 2026ರ ಡಿಸೆಂಬರ್ 12ಕ್ಕೆ, ಭೂಮಿ ಸೂರ್ಯನ ಬಹುತೇಕ ನೇರ ಮೇಲೆ ಬೀಳುತ್ತದೆ, ಎಂಕೆ ಅದರ ಬಲಕ್ಕೆ. ಭೂಮಿಯ ಮೇಲೆ ಕೋನಮಾಪಕವಿಟ್ಟು ಸೂರ್ಯನಿಗೂ ಧೂಮಕೇತುವಿಗೂ ನಡುವಿನ ಕೋನ ಅಳೆದರೆ 84 ಡಿಗ್ರಿಯಷ್ಟು ಸಿಗುತ್ತದೆ. ಜನವರಿ 22ಕ್ಕೆ ಅದೇ ಕೋನ 37ಕ್ಕೆ, ಫೆಬ್ರವರಿ 10ಕ್ಕೆ ಬರೀ 10ಕ್ಕೆ ಇಳಿಯುತ್ತದೆ. ಸಂಜೆಯೋ ಬೆಳಗಿನ ಜಾವವೋ ಎಂಬುದಕ್ಕೆ ಒಂದು ಸರಳ ಸೂತ್ರವಿದೆ: ಹಾಳೆಯ ಮೇಲಿನ ಭೂಮಿಯಲ್ಲಿ ಸೂರ್ಯನಿಗೆ ಮುಖ ಮಾಡಿ ನಿಂತಂತೆ ಊಹಿಸಿದಾಗ ಧೂಮಕೇತು ಎಡಕ್ಕಿದ್ದರೆ ಸಂಜೆಯ ಆಕಾಶ, ಬಲಕ್ಕಿದ್ದರೆ ಮುಂಜಾವಿನ ಆಕಾಶ. ಡಿಸೆಂಬರ್, ಜನವರಿಗಳಲ್ಲಿ ಅದು ಎಡಕ್ಕಿದೆ. ಪುರರವಿಯ ಹೊತ್ತಿಗೆ ಸೂರ್ಯನ ಪ್ರಭೆಯಲ್ಲಿ ಮುಳುಗಿ ಬಲಕ್ಕೆ ದಾಟಿರುತ್ತದೆ. ಕರ್ನಾಟಕದಲ್ಲಿ ನೋಡಬಯಸುವವರು ಜನವರಿಯಲ್ಲಿ ಕತ್ತಲಾದ ಕೂಡಲೇ ಪಶ್ಚಿಮಕ್ಕೆ ತಿರುಗಬೇಕು. ಜನವರಿ 22 ಹುಣ್ಣಿಮೆಯಾದ್ದರಿಂದ, 8ನೆಯ ತಾರೀಖಿನ ಸುಮಾರಿಗೆ ಬರುವ ಅಮಾವಾಸ್ಯೆಯ ಆಸುಪಾಸಿನ ಸಂಜೆಗಳನ್ನೇ ನಾನು ಆರಿಸುತ್ತೇನೆ. ಬರಿಗಣ್ಣಿನ ಮೇಲೆ ಭರವಸೆ ಬೇಡ, ದೂರದರ್ಶಕ ಮತ್ತು ಬೀದಿದೀಪವಿಲ್ಲದ ಜಾಗ ಎರಡೂ ಬೇಕು.

ಈ ಹಾಳೆಯನ್ನು ಮುಂದಿನ ಭೇಟಿಗೂ ಹಾಗೆಯೇ ಬಳಸಬಹುದೇ? ಸ್ಥೂಲವಾಗಿ ಹೌದು, ದಿನಾಂಕಗಳಿಗೆ ಇಲ್ಲ. 2017ರ ಮಾರ್ಚ್ 10ರಿಂದ 2020ರ ಜೂನ್ 25ರವರೆಗೆ ಎಂಕೆ ಸುಮಾರು 1203 ದಿನ ತೆಗೆದುಕೊಂಡಿತು. ಅಲ್ಲಿಂದ 2023ರ ಅಕ್ಟೋಬರ್ 22ಕ್ಕೆ 1214 ದಿನ. ಈ ಏರುಪೇರಿಗೆ ಮುಖ್ಯ ಕಾರಣ ಗುರು, ಕಮಾನನ್ನು ಮುಟ್ಟದಿದ್ದರೂ ಅದರ ಸೆಳೆತ ತಪ್ಪುವುದಿಲ್ಲ. ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಪ್ರತಿ ಸುತ್ತಿಗೆ ಸುಮಾರು ಎರಡೂವರೆ ಗಂಟೆ ಕಡಿಮೆಯಾಗುತ್ತಿರುವುದನ್ನು ಎಂಕೆಯೇ ಗಮನಿಸಿದ್ದರು. ಬಾಹ್ಯಾಕಾಶದಲ್ಲಿ ತಡೆಯೊಡ್ಡುವ ತೆಳುವಾದ ಮಾಧ್ಯಮವಿರಬೇಕೆಂಬುದು ಅವರ ಊಹೆ. ನಿಜವಾದ ಕಾರಣವನ್ನು 1950ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಫ್ರೆಡ್ ವಿಪಲ್ ಮುಂದಿಟ್ಟರು: ಧೂಮಕೇತುವಿನ ನಡುವಿನ ಗಟ್ಟಿ ಭಾಗ ಹಿಮ ಮತ್ತು ದೂಳಿನ ಮುದ್ದೆ, ಅದು ತಿರುಗುತ್ತಿರುವಾಗ ಬಿಸಿಲಿಗೆ ಆವಿಯಾದ ಹಿಮ ಒಂದು ಬದಿಗೆ ಚಿಮ್ಮುತ್ತದೆ, ಆ ಚಿಮ್ಮುವಿಕೆಯೇ ಅದನ್ನು ಎದುರು ಬದಿಗೆ ತಳ್ಳುತ್ತದೆ. ಆದ್ದರಿಂದಲೇ ನಾಸಾದ ಜೆಪಿಎಲ್‌ನಂಥ ಸಂಸ್ಥೆಗಳ ಅಂಶಪಟ್ಟಿಗಳಲ್ಲಿ ಪ್ರತಿ ಸಂಖ್ಯೆಯೂ ಒಂದು ನಿರ್ದಿಷ್ಟ ದಿನಾಂಕಕ್ಕೆ ಕಟ್ಟುಬಿದ್ದಿರುತ್ತದೆ. ಆ ದಿನಾಂಕವನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ.

ಎರಡನೆಯ ಅಭ್ಯಾಸಕ್ಕೆ ರೊಸೆಟ್ಟಾ ನೌಕೆ 2014ರಲ್ಲಿ ತಲುಪಿದ 67ಪಿ ಚುರ್ಯುಮೊವ್–ಗೆರಸಿಮೆಂಕೊ ಆಗಬಹುದು. ಅರ್ಧದೀರ್ಘಾಕ್ಷ 3.46, ಉತ್ಕೇಂದ್ರತೆ 0.65, ಖಗೋಳಮಾನಕ್ಕೆ 3 ಸೆಂ.ಮೀ. ಇಟ್ಟರೆ ಸೂಜಿಗಳ ಅಂತರ 13.5, ಕುಣಿಕೆ 34.25 ಸೆಂ.ಮೀ. ಇಲ್ಲಿ ಗುರುವಿನ ಕಮಾನು 15.6ರಲ್ಲಿ, ಧೂಮಕೇತುವಿನ ತುದಿ 17.1ರಲ್ಲಿ ಬಿದ್ದು, ಎರಡು ದಾರಿಗಳೂ ಒಂದನ್ನೊಂದು ದಾಟುತ್ತವೆ. ಆ ದಾಟುವಿಕೆಯ ಬೆಲೆಯನ್ನು 67ಪಿ 1959ರ ಫೆಬ್ರವರಿಯಲ್ಲಿ ತೆತ್ತಿತು. ಗುರುವಿನ ಸಮೀಪ ಹಾಯ್ದಾಗ ಅದರ ಪುರರವಿ ಸುಮಾರು 2.7ರಿಂದ 1.3 ಖಗೋಳಮಾನಕ್ಕೆ ಇಳಿಯಿತು, ಹತ್ತು ವರ್ಷಗಳ ನಂತರ ಭೂಮಿಯವರ ಕಣ್ಣಿಗೂ ಬಿತ್ತು. ಅದರ ಕಳೆದ ಪುರರವಿ 2021ರ ನವೆಂಬರ್ 2, ಮುಂದಿನದು 2028ರ ಏಪ್ರಿಲ್. ದಿನಗಳ ಲೆಕ್ಕಕ್ಕೆ 48.53ರ ಬದಲು 37.24, 1208ರ ಬದಲು 2351 ಬಳಸಿ.